ಗೇರ್ ತಡವಾಗಿ ಬೀಳುತ್ತಿದೆಯಾ? ಬಾಕ್ಸ್ ಬಿಚ್ಚುವ ಮೊದಲು ಇಷ್ಟು ನೋಡಿ

"ಅಣ್ಣಾರ, ಡಿ ಒತ್ತಿದ್ರ ಗಾಡಿ ಯೋಚ್ನಿ ಮಾಡಾಕ ಕುಂದರ್ತದ."

ಸಂಡೂರು ಕಡೆಯ ಟಿಪ್ಪರ್ ಡ್ರೈವರ್ ಒಬ್ಬರು ನನಗೆ ಹೇಳಿದ ಮಾತು ಇದು. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ ಡಿ (ಡ್ರೈವ್, ಅಂದರೆ ಮುಂದೆ ಹೋಗುವ) ಬಟನ್ ಒತ್ತಿದರೆ ಮೂರು ಸೆಕೆಂಡ್ ಏನೂ ಆಗುವುದಿಲ್ಲ. ಆಮೇಲೆ ಧಡ್ ಅಂತ ಹಿಡಿಯುತ್ತದೆ. ರಿವರ್ಸ್ ಹಾಕಿದರೂ ಅದೇ ಕಥೆ. ಒಂದು ಟ್ರಿಪ್ ಹೊಡೆದ ಮೇಲೆ ಸರಿಹೋಗುತ್ತದೆ. ಅದಕ್ಕೂ ಮೊದಲು ಎರಡು ಕಡೆ ತೋರಿಸಿದ್ದರಂತೆ. ಎರಡೂ ಕಡೆ ಬಂದ ಉತ್ತರ ಒಂದೇ: "ಬಾಕ್ಸ್ ಹೋಗಿದೆ, ಓವರ್‌ಹಾಲ್ ಆಗಬೇಕು." ಕೊನೆಗೆ ಸಿಕ್ಕ ತಪ್ಪು ಒಂದು ವೈರ್‌ನಲ್ಲಿ ಇತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ಭಾರಿ ಗಾಡಿಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಖರ್ಚು ಲಕ್ಷಗಳಲ್ಲಿ ಇರುತ್ತದೆ. ಗಾಡಿ ನಿಂತ ದಿನಗಳ ನಷ್ಟ ಬೇರೆ. ಆದರೆ ತಡವಾಗಿ ಗೇರ್ ಬೀಳುವ ಗಾಡಿಗಳಲ್ಲಿ ಎಷ್ಟೋ ಸಲ ತಪ್ಪು ಬಾಕ್ಸ್‌ನ ಹೊರಗೇ ಇರುತ್ತದೆ. ಅದನ್ನು ಹುಡುಕುವ ಕ್ರಮ ಇಲ್ಲಿ ಬರೆದಿದ್ದೇನೆ. ಇದು ಅಲಿಸನ್ 3000 ಮತ್ತು 4000 ಸರಣಿಯ ಆರು ಗೇರಿನ ಬಾಕ್ಸ್‌ಗಳಿಗೆ ಹೊಂದುವ ಮಾತು. ಬಸ್ಸು, ಟಿಪ್ಪರ್, ಫೈರ್ ಎಂಜಿನ್‌ಗಳಲ್ಲಿ ಇವು ಬರುತ್ತವೆ. ಬಟನ್ ಒತ್ತಿ ಕೋಡ್ (ತಪ್ಪು ಎಲ್ಲಿದೆ ಅಂತ ಬಾಕ್ಸ್ ತೋರಿಸುವ ಗುರುತು) ನೋಡುವ ಕ್ರಮ ಅದರ ನಾಲ್ಕನೇ ಮತ್ತು ಐದನೇ ಪೀಳಿಗೆಯ ಕಂಟ್ರೋಲ್‌ಗೆ ಸೇರಿದ್ದು. ಬೇರೆ ಬಾಕ್ಸ್ ಆದರೂ ಹುಡುಕುವ ದಾರಿ ಹೆಚ್ಚೂಕಡಿಮೆ ಇದೇ.

ಮೊದಲೇ ಒಂದು ಮಾತು. ಈಗ ಬರುವ ಎಷ್ಟೋ ಲಾರಿಗಳಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗೆ ಇರುವುದು ಎಎಂಟಿ. ಅಂದರೆ ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ ಪ್ಲೇಟ್, ಅದನ್ನು ಗಾಳಿಯಿಂದಲೋ ಮೋಟಾರಿನಿಂದಲೋ ಆಡಿಸುವ ವ್ಯವಸ್ಥೆ. ಜನ ಎರಡಕ್ಕೂ ಆಟೋಮ್ಯಾಟಿಕ್ ಅಂತಲೇ ಹೇಳುತ್ತಾರೆ. ನಿಮ್ಮದು ಎಎಂಟಿ ಆದರೆ ಈ ಲೇಖನ ನಿಮಗಲ್ಲ. ಇಲ್ಲಿ ಮಾತಾಡುತ್ತಿರುವುದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸ್‌ಗೆ ದಾಟಿಸುವ ಭಾಗ) ಇರುವ, ಆಯಿಲ್ ಪ್ರೆಶರ್‌ನಿಂದ ಕ್ಲಚ್ ಹಿಡಿಯುವ ಬಾಕ್ಸ್ ಬಗ್ಗೆ.

ಮೊದಲು ಕೇಳಬೇಕಾದ ಪ್ರಶ್ನೆ: ಯಾವುದು ತಡ?

"ಗೇರ್ ತಡ" ಅಂತ ಡ್ರೈವರ್ ಹೇಳಿದರೆ ಅದರೊಳಗೆ ಮೂರು ಬೇರೆ ಬೇರೆ ದೂರು ಅಡಗಿರಬಹುದು.

ಒಂದು, ನಿಂತ ಗಾಡಿಯಲ್ಲಿ ಎನ್‌ನಿಂದ (ನ್ಯೂಟ್ರಲ್) ಡಿಗೋ ಆರ್‌ಗೋ (ರಿವರ್ಸ್) ಹಾಕಿದಾಗ ತಡ. ಎರಡು, ಓಡುವಾಗ ಮೇಲಿನ ಗೇರ್‌ಗೆ ಹೋಗುವುದೇ ಇಲ್ಲ, ಎಂಜಿನ್ ಜಾಸ್ತಿ ಕಿರುಚಿದ ಮೇಲೆ ಹೋಗುತ್ತದೆ. ಮೂರು, ಗೇರ್ ಬದಲಾಗುವ ಹೊತ್ತಿಗೆ ಎಂಜಿನ್ ಆರ್‌ಪಿಎಂ ಸುಮ್ನೆ ಮೇಲೇರಿ, ಆಮೇಲೆ ಹಿಡಿಯುತ್ತದೆ. ಮೊದಲನೆಯದಕ್ಕೆ ಆಯಿಲ್, ಪ್ರೆಶರ್, ಕರೆಂಟು ಕಾರಣ ಆಗಿರಬಹುದು. ಎರಡನೆಯದು ಬಹುತೇಕ ಸಲ ಬಾಕ್ಸ್‌ನ ತಪ್ಪೇ ಅಲ್ಲ, ಬಾಕ್ಸ್‌ಗೆ ಸಿಗುವ ಮಾಹಿತಿಯ ತಪ್ಪು. ಮೂರನೆಯದು ಬಂದರೆ ಮಾತ್ರ ಕ್ಲಚ್ ಜಾರುತ್ತಿದೆಯಾ ಅಂತ ಅನುಮಾನ ಪಡಬೇಕು. ಈ ಮೂರನ್ನೂ ಒಂದೇ ಅಂದುಕೊಂಡು ಹೊರಟರೆ ಅರ್ಧ ದಿನ ದಂಡ.

ಡ್ರೈವರ್ ಬಾಯಿಮಾತು ಸಾಲದು. ಪಕ್ಕದ ಸೀಟಿನಲ್ಲಿ ಕೂತು ಮೊಬೈಲ್‌ನಲ್ಲಿ ವೀಡಿಯೊ ಮಾಡಿ. ಆರ್‌ಪಿಎಂ ಮುಳ್ಳು ಮತ್ತು ಗೇರ್ ಸೆಲೆಕ್ಟರ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಬಟನ್ ಸೆಲೆಕ್ಟರ್‌ನಲ್ಲಿ ಎರಡು ಅಂಕಿ ಕಾಣುತ್ತವೆ. ಒಂದು ನೀವು ಕೇಳಿದ ಗೇರ್, ಇನ್ನೊಂದು ಬಾಕ್ಸ್ ನಿಜವಾಗಿ ಇರುವ ಗೇರ್. ಡಿ ಒತ್ತಿದ ಕ್ಷಣಕ್ಕೂ ಎರಡನೇ ಅಂಕಿ ಬದಲಾಗಿ ಗಾಡಿ ಸಣ್ಣಗೆ ಅಲುಗುವ ಕ್ಷಣಕ್ಕೂ ಎಷ್ಟು ಅಂತರ? ವೀಡಿಯೊ ನಿಧಾನವಾಗಿ ಓಡಿಸಿದರೆ ಲೆಕ್ಕ ಸಿಗುತ್ತದೆ. ಬಿಸಿಯಾದ ಬಾಕ್ಸ್‌ನಲ್ಲಿ ಒಂದು, ಒಂದೂವರೆ ಸೆಕೆಂಡ್ ಒಳಗೆ ಹಿಡಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ದಾಟಿದರೆ ಹುಡುಕಲು ಶುರು ಮಾಡುತ್ತೇನೆ.

ಕೇಳಿದ ಗೇರಿನ ಅಂಕಿ ಮಿನುಗುತ್ತಿದ್ದರೆ ಅದು ತಡ ಅಲ್ಲ. ಬಾಕ್ಸ್ ಬೇಕೆಂದೇ ಬೇಡ ಅನ್ನುತ್ತಿದೆ. ಎಂಜಿನ್ ಸುಮಾರು 900 ಆರ್‌ಪಿಎಂಗಿಂತ ಮೇಲಿದ್ದರೆ ಎನ್‌ನಿಂದ ಡಿಗೋ ಆರ್‌ಗೋ ಹಾಕಲು ಅದು ಒಪ್ಪುವುದಿಲ್ಲ. ಗಾಳಿ ಬೇಗ ತುಂಬಲಿ ಅಂತ ಐಡಲ್ ಏರಿಸಿಟ್ಟ ಗಾಡಿ, ಎಸಿಗಾಗಿ ಐಡಲ್ ಏರಿಸಿದ ಬಸ್ಸು, ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ಬಟನ್ ಒತ್ತುವ ಡ್ರೈವರ್, ಎಲ್ಲರಿಗೂ ಇದೇ ಆಗುವುದು. ಕೆಲವು ಗಾಡಿಗಳಲ್ಲಿ ಬ್ರೇಕ್ ಪೆಡಲ್ ತುಳಿಯದೆ ಗೇರ್ ಬೀಳದ ಹಾಗೆ ಮಾಡಿರುತ್ತಾರೆ. ಅಲ್ಲಿ ಬ್ರೇಕ್ ಸ್ವಿಚ್ ಕೆಟ್ಟರೂ ಇದೇ ತೊಂದರೆ. ಟಿಪ್ಪರ್‌ನಲ್ಲಿ ಪಿಟಿಒ (ಬಾಡಿ ಎತ್ತಲು ಬಾಕ್ಸ್‌ನಿಂದ ಶಕ್ತಿ ತೆಗೆಯುವ ಭಾಗ) ಸ್ವಿಚ್, ಬಾಡಿ ಎತ್ತಿದ್ದನ್ನು ತಿಳಿಸುವ ಸ್ವಿಚ್ ಕೂಡ ನೋಡಿ. ಅದಿರಿನ ಕೆಂಪು ಮಣ್ಣು ಮೆತ್ತಿಕೊಂಡ ಸ್ವಿಚ್ ಬಾಡಿ ಕೆಳಗಿದ್ದರೂ ಮೇಲಿದೆ ಅಂತಲೇ ಸುಳ್ಳು ಹೇಳುತ್ತಿರುತ್ತದೆ.

ಆಯಿಲ್: ಎಲ್ಲರೂ ನೋಡುತ್ತಾರೆ, ತಪ್ಪಾಗಿ ನೋಡುತ್ತಾರೆ

ಎಂಜಿನ್ ಆಯಿಲ್ ನೋಡುವ ಅಭ್ಯಾಸದಲ್ಲಿ ಗಾಡಿ ಆಫ್ ಮಾಡಿ ಡಿಪ್‌ಸ್ಟಿಕ್ ಎಳೆಯುವವರೇ ಜಾಸ್ತಿ. ಆಟೋಮ್ಯಾಟಿಕ್ ಬಾಕ್ಸ್‌ನಲ್ಲಿ ಹಾಗೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಎಂಜಿನ್ ನಿಂತಾಗ ಕನ್ವರ್ಟರ್‌ನಲ್ಲಿದ್ದ ಆಯಿಲ್ ಕೆಳಗಿನ ಪ್ಯಾನ್‌ಗೆ ಇಳಿದುಬಿಡುತ್ತದೆ. ಕಡ್ಡಿಯ ಮೇಲೆ ಮಟ್ಟ ಜಾಸ್ತಿ ಕಾಣುತ್ತದೆ. ನಿಜಕ್ಕೆ ಎರಡು ಲೀಟರ್ ಕಡಿಮೆ ಇರುವ ಬಾಕ್ಸ್ ಕೂಡ "ಫುಲ್ ಇದೆ ಸಾರ್" ಅನ್ನಿಸಿಕೊಳ್ಳುತ್ತದೆ.

ಸರಿಯಾದ ಕ್ರಮ ಹೀಗೆ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಬ್ರೇಕ್ ತುಳಿದುಕೊಂಡು ಡಿ ಹಾಕಿ, ಎನ್‌ಗೆ ತನ್ನಿ, ಆರ್ ಹಾಕಿ, ಮತ್ತೆ ಎನ್. ಆಗ ಒಳಗಿನ ದಾರಿಗಳಿಗೆಲ್ಲ ಆಯಿಲ್ ತುಂಬುತ್ತದೆ. ಈಗ ಕಡ್ಡಿಯ ಸುತ್ತ ಧೂಳು ಒರೆಸಿ, ಎಳೆದು, ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಸಲ ನೋಡಿ. ಎರಡೂ ಸಲ ಒಂದೇ ಮಟ್ಟ ಬರಬೇಕು.

ಕಡ್ಡಿಯ ಮೇಲೆ ಎರಡು ಪಟ್ಟಿಗಳಿರುತ್ತವೆ. ಒಂದು ತಣ್ಣಗಿದ್ದಾಗ ನೋಡುವುದು. ಆಯಿಲ್ 16ರಿಂದ 49 ಡಿಗ್ರಿ ಸೆಲ್ಸಿಯಸ್ ಒಳಗಿದ್ದಾಗ ಅದು ಹೊಂದುತ್ತದೆ. ಇನ್ನೊಂದು ಬಿಸಿಯಲ್ಲಿ ನೋಡುವುದು, 71ರಿಂದ 93 ಡಿಗ್ರಿ. ತಣ್ಣಗಿನ ಪಟ್ಟಿ ಗಾಡಿ ಓಡಿಸಲು ಬೇಕಾದಷ್ಟು ಆಯಿಲ್ ಇದೆಯಾ ಅಂತ ಹೇಳುತ್ತದೆ, ಅಷ್ಟೇ. ಕೊನೆಯ ಮಾತು ಬಿಸಿ ಪಟ್ಟಿಯದು. ತಣ್ಣಗಿನ ಬಾಕ್ಸ್‌ಗೆ ಬಿಸಿ ಪಟ್ಟಿಯವರೆಗೆ ಆಯಿಲ್ ತುಂಬಿಸಿದರೆ ಅದು ಬಿಸಿಯಾದಾಗ ಹಿಗ್ಗಿ, ತಿರುಗುವ ಭಾಗಗಳಿಗೆ ತಾಗಿ ನೊರೆ ಏಳುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಕ್ಲಚ್‌ಗೆ ಪ್ರೆಶರ್ ಬೇಗ ಮುಟ್ಟುವುದಿಲ್ಲ. ಹಾಗಾಗಿ ಆಯಿಲ್ ಕಡಿಮೆ ಇದ್ದರೂ ತಡ, ಜಾಸ್ತಿ ಇದ್ದರೂ ತಡ. ಇದನ್ನು ಒಪ್ಪಿಸಲು ನಾನು ಮಾಲೀಕರ ಜೊತೆ ಎಷ್ಟೋ ಸಲ ವಾದ ಮಾಡಿದ್ದೇನೆ. "ಅರ್ಧ ಲೀಟರ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ" ಅನ್ನುತ್ತಾರೆ. ಅಲ್ಲ.

ಆಯಿಲ್ ಮಟ್ಟದ ಸೆನ್ಸರ್ ಇರುವ ಬಾಕ್ಸ್ ಆದರೆ ಕೆಲಸ ಇನ್ನೂ ಸುಲಭ. ಗಾಡಿ ನಿಲ್ಲಿಸಿ ಎನ್‌ನಲ್ಲಿಟ್ಟು, ಐಡಲ್‌ನಲ್ಲಿ ಸೆಲೆಕ್ಟರ್‌ನ ಮೇಲಿನ ಬಾಣ, ಕೆಳಗಿನ ಬಾಣ ಎರಡನ್ನೂ ಒಟ್ಟಿಗೆ ಒಂದು ಸಲ ಒತ್ತಿ. ಆಯಿಲ್ ಕೆಳಗಿಳಿಯಲು ಸುಮಾರು ಎರಡು ನಿಮಿಷ ಕಾಯುತ್ತದೆ. ಆ ಹೊತ್ತಿನಲ್ಲಿ 8ರಿಂದ 1ರವರೆಗೆ ಇಳಿಯೆಣಿಕೆ ಕಾಣಬಹುದು. ಆಮೇಲೆ ಸರಿ ಇದ್ದರೆ ಓಕೆ, ಕಡಿಮೆ ಇದ್ದರೆ ಎಲ್‌ಒ ಜೊತೆಗೆ ಒಂದು ಅಂಕಿ, ಜಾಸ್ತಿ ಇದ್ದರೆ ಎಚ್‌ಐ ಜೊತೆಗೆ ಅಂಕಿ. ಆ ಅಂಕಿ ಲೀಟರ್ ಅಲ್ಲ, ಕ್ವಾರ್ಟ್. ಎಲ್‌ಒ 2 ಅಂದರೆ ಸುಮಾರು 1.9 ಲೀಟರ್ ಕಡಿಮೆ. ಮಟ್ಟದ ಬದಲು 65 ಬಂದರೆ ಗಾಡಿ ನ್ಯೂಟ್ರಲ್‌ನಲ್ಲಿಲ್ಲ, 70 ಬಂದರೆ ಆಯಿಲ್ ಇನ್ನೂ ತಣ್ಣಗಿದೆ, 79 ಬಂದರೆ ತೀರಾ ಬಿಸಿ, 95 ಬಂದರೆ ಸೆನ್ಸರ್ರೇ ಕೆಟ್ಟಿದೆ. 95 ಬಂದಾಗ ಕಡ್ಡಿಯೇ ಗತಿ.

ಮಟ್ಟ ನೋಡುವಾಗ ಕಡ್ಡಿಯಿಂದ ಎರಡು ಹನಿ ಬಿಳಿ ಕಾಗದದ ಮೇಲೆ ಬಿಡಿ. ಬಣ್ಣ ಕಂದಾಗಿದೆ ಅಂತ ಮಾತ್ರಕ್ಕೆ ಹೆದರಬೇಡಿ, ಬಣ್ಣ ನೋಡಿ ತೀರ್ಪು ಕೊಡಲು ಆಗುವುದಿಲ್ಲ. ಸುಟ್ಟ ವಾಸನೆ ಬಂದರೆ ಅದು ಬೇರೆ ಮಾತು. ಹಾಲು ಬೆರೆಸಿದ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಕೂಲರ್ ತೂತಾಗಿ ಕೂಲೆಂಟ್ ಒಳಗೆ ಬಂದಿದೆ. ಕೂಲೆಂಟ್‌ನ ಗ್ಲೈಕಾಲ್ ಕ್ಲಚ್ ಪ್ಲೇಟಿನ ಲೈನಿಂಗನ್ನು ಹಾಳು ಮಾಡುತ್ತದೆ. ಆಗ ಆಯಿಲ್ ಬದಲಿಸಿ ಓಡಿಸೋಣ ಅನ್ನುವ ಮಾತಿಲ್ಲ. ಬಾಕ್ಸ್ ಬಿಚ್ಚಲೇಬೇಕು, ಕೂಲರ್ ಬದಲಿಸಲೇಬೇಕು.

ಆಯಿಲ್ ಜಾತಿಯ ಬಗ್ಗೆ ಒಂದು ಮಾತು. ಡಬ್ಬದ ಮೇಲೆ ಟಿಇಎಸ್ 295, ಟಿಇಎಸ್ 668, ಟಿಇಎಸ್ 389 ಅಂತ ಅಲಿಸನ್ ಒಪ್ಪಿಗೆಯ ಅಂಕಿ ಇರುತ್ತದೆ. ಮೊದಲಿನ ಎರಡು ಸಿಂಥೆಟಿಕ್, ಬಾಳಿಕೆ ಜಾಸ್ತಿ. 389ಕ್ಕೆ ಬೇಗ ಬದಲಿಸಬೇಕು. ಒಂದರಲ್ಲಿ ಇನ್ನೊಂದನ್ನು ಸುರಿದು ಸಿಂಥೆಟಿಕ್ ಲೆಕ್ಕದಲ್ಲೇ ಓಡಿಸುವುದು ತಪ್ಪು. ಪವರ್ ಸ್ಟಿಯರಿಂಗ್‌ಗೆ ತಂದಿಟ್ಟ ಕೆಂಪು ಆಯಿಲ್ ಇದೆಯಲ್ಲ ಅಂತ ಅದನ್ನೇ ಟಾಪ್ ಅಪ್ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು.

ಕೊನೆಗೆ, ನಾಲ್ಕೈದು ದಿನ ನಿಂತ ಗಾಡಿ ಮೊದಲನೇ ಸಲ ಡಿ ಹಾಕಿದಾಗ ತಡ ಮಾಡಿ, ಆಮೇಲೆ ಇಡೀ ದಿನ ಸರಿ ಇದ್ದರೆ ಅದು ಕನ್ವರ್ಟರ್ ಖಾಲಿಯಾಗಿದ್ದರ ಪರಿಣಾಮ. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಗೇರ್ ಹಾಕಿ ನೋಡಿ.

ಕೋಡ್ ಓದಿ, ಅಳಿಸಬೇಡಿ

ಅದೇ ಎರಡು ಬಾಣಗಳನ್ನು ಒಟ್ಟಿಗೆ ಮತ್ತೆ ಮತ್ತೆ ಒತ್ತುತ್ತಾ ಹೋದರೆ ಆಯಿಲ್ ಮಟ್ಟ, ಆಯಿಲ್ ಆಯುಷ್ಯ, ಫಿಲ್ಟರ್ ಆಯುಷ್ಯ, ಕ್ಲಚ್ ಸ್ಥಿತಿ, ಕೊನೆಗೆ ಕೋಡ್‌ಗಳು ಬರುತ್ತವೆ. ಅಂದರೆ ಐದನೇ ಸಲಕ್ಕೆ ಕೋಡ್. ಮಟ್ಟದ ಸೆನ್ಸರ್ ಇಲ್ಲದ ಅಥವಾ ಆಯುಷ್ಯ ತೋರಿಸುವ ಸೌಲಭ್ಯ ಬಂದ್ ಮಾಡಿರುವ ಗಾಡಿಯಲ್ಲಿ ಇನ್ನೂ ಬೇಗ ಬರುತ್ತದೆ. ಡಿ1, ಡಿ2 ಅಂತ ಐದು ಕೋಡ್‌ವರೆಗೆ ತೋರಿಸುತ್ತದೆ. ಒಂದೊಂದು ಕೋಡ್ ಎರಡೆರಡು ಅಕ್ಷರವಾಗಿ ತುಂಡು ತುಂಡಾಗಿ ಬರುವುದರಿಂದ ಬರೆದುಕೊಳ್ಳುವಾಗ ಗಮನ ಇರಲಿ.

ಬ್ಯಾಟರಿ ಬಿಚ್ಚುವ ಮೊದಲು, ಸ್ಕ್ಯಾನರ್ ಹಾಕಿ ಅಳಿಸುವ ಮೊದಲು, ಎಲ್ಲ ಕೋಡ್‌ಗಳನ್ನೂ ಕಾಗದದಲ್ಲಿ ಬರೆಯಿರಿ. ಈಗ ಇರುವ ತಪ್ಪು ಯಾವುದು, ಹಿಂದೆ ಬಂದು ಹೋದದ್ದು ಯಾವುದು ಅಂತಲೂ ಬರೆಯಿರಿ. ತಡದ ದೂರಿನಲ್ಲಿ ಸಿಗುವ ಕೆಲವು ಕೋಡ್‌ಗಳು:

ಪಿ0722 ಬಂದರೆ ಔಟ್‌ಪುಟ್ ಸ್ಪೀಡ್ ಸೆನ್ಸರ್ ಸಿಗ್ನಲ್ ಇಲ್ಲ. ಪಿ0717 ಬಂದರೆ ಟರ್ಬೈನ್ ಸ್ಪೀಡ್ ಸೆನ್ಸರ್‌ದು. ಪಿ0562 ಮತ್ತು ಪಿ0882 ಎರಡೂ ವೋಲ್ಟೇಜ್ ಕಡಿಮೆ ಅನ್ನುವ ದೂರು. ಪಿ0731ರಿಂದ ಪಿ0735ರವರೆಗೆ ಒಂದರಿಂದ ಐದನೇ ಗೇರಿನ ರೇಶಿಯೊ ತಪ್ಪಿದೆ, ಪಿ0729 ಆರನೇ ಗೇರ್‌ದು. ಪಿ0218 ಆಯಿಲ್ ತೀರಾ ಬಿಸಿ. ಯು0100 ಬಂದರೆ ಎಂಜಿನ್ ಕಂಪ್ಯೂಟರ್ ಜೊತೆ ಮಾತು ನಿಂತಿದೆ.

ದಾರಿಯಲ್ಲಿ ಚೆಕ್ ಟ್ರಾನ್ಸ್ ದೀಪ ಹತ್ತಿದರೆ ಡ್ರೈವರ್‌ಗೆ ಒಂದೇ ಬುದ್ಧಿಮಾತು: ಸುರಕ್ಷಿತ ಜಾಗ ಸಿಗುವವರೆಗೆ ಎಂಜಿನ್ ಆಫ್ ಮಾಡಬೇಡಿ. ಬಾಕ್ಸ್ ಒಂದೇ ಗೇರಿನಲ್ಲಿ ನಿಂತು ಓಡಿಸಿಕೊಡುತ್ತಿರಬಹುದು. ಆಫ್ ಮಾಡಿ ಮತ್ತೆ ಹಾಕಿದರೆ ಗೇರೇ ಬೀಳದೆ ಘಾಟಿ ಮಧ್ಯೆ ನಿಲ್ಲಬೇಕಾಗುತ್ತದೆ.

ಕರೆಂಟಿನ ಕಥೆ

ಸಂಡೂರಿನ ಟಿಪ್ಪರ್‌ಗೆ ವಾಪಸ್ ಬರೋಣ. ಆಯಿಲ್ ಮಟ್ಟ ಸರಿ ಇತ್ತು, ವಾಸನೆ ಇಲ್ಲ, ಫಿಲ್ಟರ್ ಹೊಸದು. ಕ್ಲಚ್ ಸ್ಥಿತಿ ಓಕೆ. ಹಳೆಯ ಕೋಡ್‌ಗಳಲ್ಲಿ ಪಿ0882 ಕೂತಿತ್ತು. ಹಿಂದಿನವರು "ಅದು ಬ್ಯಾಟರಿ ವೀಕ್ ಇದ್ದಾಗ ಬಂದಿರೋದು ಬಿಡಿ" ಅಂತ ಬಿಟ್ಟಿದ್ದರಂತೆ. ಅರ್ಧ ಸತ್ಯ.

ಬಾಕ್ಸ್ ಕಂಟ್ರೋಲರ್‌ಗೆ (ಗೇರ್ ಬದಲಿಸುವ ಕಂಪ್ಯೂಟರ್) ಪವರ್ ಮತ್ತು ಅರ್ತ್ ಎರಡೂ ನೇರ ಬ್ಯಾಟರಿಯಿಂದ ಬರಬೇಕು. ನಡುವೆ ಚಾಸಿ ಇರಬಾರದು. ನಾನು ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್ ಕಂಬಕ್ಕೇ ಇಟ್ಟೆ. ಕ್ಲ್ಯಾಂಪಿಗಲ್ಲ, ಕಂಬಕ್ಕೆ. ಇನ್ನೊಂದನ್ನು ಕಂಟ್ರೋಲರ್ ಕಡೆಯ ಅರ್ತ್ ವೈರಿಗೆ. ಡ್ರೈವರ್ ಸ್ಟಾರ್ಟರ್ ಹೊಡೆದರು. ಮೀಟರ್‌ನಲ್ಲಿ 1.8 ವೋಲ್ಟ್. ಅಲ್ಲಿ ಕಾಣಬೇಕಾದದ್ದು ಸೊನ್ನೆಯ ಆಸುಪಾಸು. 0.2 ವೋಲ್ಟ್ ದಾಟಿದರೇ ನಾನು ವೈರ್ ಹಿಂದೆ ಬೀಳುತ್ತೇನೆ. ವೈರ್ ಹಿಡಿದುಕೊಂಡು ಹೋದರೆ ಅದು ಬ್ಯಾಟರಿಗೆ ಹೋಗಲೇ ಇಲ್ಲ. ಚಾಸಿಯ ಅಡ್ಡಪಟ್ಟಿಯ ಒಂದು ಬೋಲ್ಟಿಗೆ ಬಿಗಿದಿತ್ತು. ಬೋಲ್ಟ್ ಬಿಚ್ಚಿದೆ. ಲಗ್‌ನ (ವೈರ್ ತುದಿಯ ಲೋಹದ ಉಂಗುರ) ಕೆಳಗೆ ಹೊಳೆಯುವ ಕಬ್ಬಿಣ ಇರಬೇಕಾದ ಕಡೆ ಹೊಸ ಕಪ್ಪು ಪೇಂಟ್, ಅದರ ಮೇಲೆ ಕೆಂಪು ಮಣ್ಣಿನ ಪದರ. ಬಾಡಿಗೆ ಪೇಂಟ್ ಹೊಡೆಸುವಾಗ ಯಾರೋ ವೈರ್ ಬಿಚ್ಚಿ, ಆಮೇಲೆ ಎಲ್ಲಿ ಸಿಕ್ಕಿತೋ ಅಲ್ಲಿ ಬಿಗಿದಿದ್ದಾರೆ. ಬೋಲ್ಟಿನ ಎಳೆಗಳಿಂದ ಹೇಗೋ ಸ್ವಲ್ಪ ಕರೆಂಟ್ ಹರಿಯುತ್ತಿತ್ತು. ಬೆಳಗ್ಗೆ ಸ್ಟಾರ್ಟರ್ ಎಳೆದು ಬ್ಯಾಟರಿ ಸೋತಿರುವಾಗ ಕಂಟ್ರೋಲರ್‌ಗೆ ವೋಲ್ಟೇಜ್ ಸಾಲದೆ ಸೊಲೆನಾಯ್ಡ್‌ಗಳನ್ನು (ಕ್ಲಚ್‌ಗೆ ಆಯಿಲ್ ಬಿಡುವ ಕರೆಂಟಿನ ವಾಲ್ವ್‌ಗಳು) ಸರಿಯಾಗಿ ಆಡಿಸಲು ಆಗುತ್ತಿರಲಿಲ್ಲ. ಆಲ್ಟರ್ನೇಟರ್ ಚಾರ್ಜ್ ತುಂಬಿದ ಮೇಲೆ ಸರಿ. ವೈರ್ ಉದ್ದ ಮಾಡಿ ಬ್ಯಾಟರಿಗೆ ನೇರ ಕೊಟ್ಟೆವು. ಒಂದು ಲಗ್, ಒಂದೂವರೆ ಮೀಟರ್ ವೈರ್.

ಅದಕ್ಕೇ ಹೇಳುವುದು, ಮಲ್ಟಿಮೀಟರ್ ಪಾನಾಗಿಂತ ಮೊದಲು ಕೈಗೆ ಬರಬೇಕು. ಅರ್ತ್ ನೋಡಿದ ಹಾಗೆಯೇ ಪವರ್ ಕಡೆಯೂ ನೋಡಿ: ಬ್ಯಾಟರಿ ಪಾಸಿಟಿವ್ ಕಂಬದಿಂದ ಕಂಟ್ರೋಲರ್‌ನ ಪವರ್ ವೈರಿಗೆ. ಫ್ಯೂಸ್ ಹೋಲ್ಡರ್ ಬಿಸಿಯಾಗಿದೆಯಾ ಮುಟ್ಟಿ ನೋಡಿ. ಬಾಕ್ಸ್ ಪಕ್ಕದ ದೊಡ್ಡ ಕನೆಕ್ಟರ್ ಬಿಚ್ಚಿ ಪಿನ್‌ಗಳ ಮೇಲೆ ಹಸಿರು ಬಂದಿದೆಯಾ, ಆಯಿಲ್ ನುಗ್ಗಿದೆಯಾ ನೋಡಿ. ಪ್ರೆಶರ್ ವಾಷರ್ ಇಟ್ಟು ಬಾಕ್ಸ್ ಮೇಲೆ ನೇರ ನೀರು ಹೊಡೆದ ಮಾರನೇ ದಿನ ಬರುವ ಗಾಡಿಗಳು ನನಗೆ ಹೊಸದಲ್ಲ.

ಟಿಪ್ಪರ್ ಬಾಡಿಗೆ ವೆಲ್ಡಿಂಗ್ ಮಾಡಿಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕೇಬಲ್ ಬಿಚ್ಚಿ, ಬಾಕ್ಸ್ ಕಂಟ್ರೋಲರ್‌ನ ಕನೆಕ್ಟರ್ ಬಿಚ್ಚಿ. ವೆಲ್ಡಿಂಗ್ ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿ. ಹತ್ತು ನಿಮಿಷದ ಸೋಮಾರಿತನಕ್ಕೆ ಕಂಟ್ರೋಲರ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಯಾವ ಗೇರ್ ತಡ, ಯಾವ ಕ್ಲಚ್ ತಪ್ಪು

ಇಷ್ಟೆಲ್ಲ ಸರಿ ಇದ್ದೂ ತಡ ಹೋಗಲಿಲ್ಲ ಅಂದುಕೊಳ್ಳಿ. ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಬಾಕ್ಸ್‌ನಲ್ಲಿ ಐದು ಕ್ಲಚ್‌ಗಳಿವೆ, ಸಿ1ರಿಂದ ಸಿ5. ಪ್ರತಿ ಗೇರಿಗೂ ಎರಡು ಕ್ಲಚ್ ಹಿಡಿಯಬೇಕು.

ಒಂದನೇ ಗೇರ್: ಸಿ1, ಸಿ5
ಎರಡನೇ ಗೇರ್: ಸಿ1, ಸಿ4
ಮೂರನೇ ಗೇರ್: ಸಿ1, ಸಿ3
ನಾಲ್ಕನೇ ಗೇರ್: ಸಿ1, ಸಿ2
ಐದನೇ ಗೇರ್: ಸಿ2, ಸಿ3
ಆರನೇ ಗೇರ್: ಸಿ2, ಸಿ4
ರಿವರ್ಸ್: ಸಿ3, ಸಿ5
ನ್ಯೂಟ್ರಲ್: ಸಿ5 ಮಾತ್ರ

ಇದನ್ನು ಬರೆದು ಟೂಲ್ ಬಾಕ್ಸ್‌ನ ಮುಚ್ಚಳಕ್ಕೆ ಅಂಟಿಸಿಕೊಳ್ಳಿ.

ನ್ಯೂಟ್ರಲ್‌ನಲ್ಲಿ ಸಿ5 ಆಗಲೇ ಹಿಡಿದಿರುತ್ತದೆ. ಹಾಗಾಗಿ ಡಿ ಹಾಕಿದಾಗ ಹೊಸದಾಗಿ ಹಿಡಿಯಬೇಕಾದದ್ದು ಸಿ1 ಒಂದೇ. ಆರ್ ಹಾಕಿದಾಗ ಸಿ3 ಒಂದೇ. ಡಿ ತಡ, ಆರ್ ಸರಿ ಅಂದರೆ ಸಿ1 ಕಡೆ ನೋಡಿ. ಆರ್ ತಡ, ಡಿ ಸರಿ ಅಂದರೆ ಸಿ3. ಆಗ ಗಾಡಿ ಓಡಿಸಿ ಮೂರನೇ ಮತ್ತು ಐದನೇ ಗೇರಿಗೆ ಹೋಗುವಾಗಲೂ ಜಾರುತ್ತದೆಯಾ ನೋಡಿ. ಅಲ್ಲೂ ಜಾರಿದರೆ ಸಿ3 ಅನ್ನುವುದು ಗಟ್ಟಿಯಾಯಿತು. ಎರಡನೇ ಮತ್ತು ಆರನೇ ಗೇರಿನಲ್ಲಿ ಮಾತ್ರ ತಡ ಆದರೆ ಸಿ4. ನಾಲ್ಕಕ್ಕೆ ಹೋಗುವಾಗ ಆರ್‌ಪಿಎಂ ಏರಿ, ಐದು, ಆರರಲ್ಲೂ ಎಳೆತ ಇಲ್ಲ ಅಂದರೆ ಸಿ2.

ಡಿ, ಆರ್ ಎರಡೂ ತಡ ಅಂದರೆ? ಸಿ1, ಸಿ3 ಎರಡೂ ಒಟ್ಟಿಗೆ ಸಾಯುವುದು ಅಪರೂಪ. ಎರಡಕ್ಕೂ ಒಂದೇ ಆದ ಯಾವುದೋ ಕಡಿಮೆಯಾಗಿದೆ. ಆಯಿಲ್, ಮೇನ್ ಪ್ರೆಶರ್, ಪಂಪ್, ಫಿಲ್ಟರ್, ಇಲ್ಲವೇ ಕರೆಂಟು. ಸಂಡೂರಿನ ಗಾಡಿಯಲ್ಲಿ ನಾನು ಮೀಟರ್ ಹಿಡಿದದ್ದು ಇದೇ ಲೆಕ್ಕದಿಂದ.

ಕೆಲವು ಗಾಡಿಗಳು ಎರಡನೇ ಗೇರಿನಿಂದ ಹೊರಡುವ ಹಾಗೆ ಪ್ರೋಗ್ರಾಂ ಆಗಿರುತ್ತವೆ. ಅಲ್ಲಿ ಡಿ ಹಾಕಿದರೆ ಸಿ4 ಕೂಡ ಲೆಕ್ಕಕ್ಕೆ ಬರುತ್ತದೆ. ಡಿಸ್‌ಪ್ಲೇನಲ್ಲಿ ಹೊರಡುವಾಗ 1 ಇದೆಯಾ 2 ಇದೆಯಾ ನೋಡಿಕೊಳ್ಳಿ.

ಈ ಪಟ್ಟಿಯನ್ನು ಕೋಡ್ ಜೊತೆ ಹೊಂದಿಸಿ. ಪಿ0732 ಮತ್ತು ಪಿ0729 ಜೊತೆಯಾಗಿ ಬಂದರೆ ಎರಡಕ್ಕೂ ಸಮಾನವಾದ ಕ್ಲಚ್ ಯಾವುದು? ಸಿ4. ಸೊಲೆನಾಯ್ಡ್‌ನ ತಪ್ಪೋ ಪ್ಲೇಟಿನ ತಪ್ಪೋ ಅಂತ ಇದೊಂದೇ ಹೇಳುವುದಿಲ್ಲ. ಆದರೆ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ.

ಮೇಲಿನ ಗೇರ್‌ಗೆ ಹೋಗುವುದೇ ಇಲ್ಲವೇ?

ಇಲ್ಲಿ ಮೊದಲು ಸುಲಭದ್ದು ನೋಡಿ. ಡ್ರೈವರ್ ಕೈ ತಾಗಿ ಕೆಳಗಿನ ಬಾಣ ಒತ್ತಿದ್ದರೆ ಬಾಕ್ಸ್ ನಾಲ್ಕರ ಮೇಲೆ ಹೋಗಬೇಡ ಅಂತ ಅರ್ಥ ಮಾಡಿಕೊಂಡಿರುತ್ತದೆ. ಕೇಳಿದ ಗೇರಿನ ಜಾಗದಲ್ಲಿ 6ರ ಬದಲು 4 ಕಾಣುತ್ತದೆ. ಡಿ ಒತ್ತಿದರೆ ಸರಿ. ಮೋಡ್ ಬಟನ್ ಒತ್ತಿ ಪವರ್ ಮೋಡ್‌ಗೆ ಹೋಗಿದ್ದರೆ ಎಲ್ಲ ಗೇರೂ ಜಾಸ್ತಿ ಆರ್‌ಪಿಎಂನಲ್ಲಿ ಬದಲಾಗುತ್ತದೆ, ಅದು ಹಾಗೇ ಇರಬೇಕಾದದ್ದು. ಎಕ್ಸಾಸ್ಟ್ ಬ್ರೇಕ್ ಸ್ವಿಚ್ ಸದಾ ಆನ್ ಇದ್ದರೆ ಕಾಲು ಎತ್ತಿದ ಕೂಡಲೇ ಬಾಕ್ಸ್ ಕೆಳಗಿನ ಗೇರ್‌ಗೆ ಇಳಿಯಲು ನೋಡುತ್ತದೆ. ಊರೊಳಗೆ ಬಿಟ್ಟು ಬಿಟ್ಟು ತುಳಿಯುವ ಡ್ರೈವರ್‌ಗೆ "ಮೇಲಿನ ಗೇರ್ ಬರ್ತಾ ಇಲ್ಲ" ಅನ್ನಿಸುವುದು ಸಹಜ.

ಆಮೇಲೆ ಆಕ್ಸಿಲರೇಟರ್. ಎಷ್ಟು ತುಳಿದಿದ್ದೀರಿ ಅನ್ನುವುದು ಎಂಜಿನ್ ಕಂಪ್ಯೂಟರ್‌ನಿಂದ ವೈರ್ ಮೂಲಕ ಬಾಕ್ಸ್‌ಗೆ ಹೋಗುತ್ತದೆ. ಪೆಡಲ್ ಸೆನ್ಸರ್ ಹಳೆಯದಾಗಿ, 40 ಪರ್ಸೆಂಟ್ ತುಳಿದರೂ 90 ಅಂತ ಹೇಳಿದರೆ ಬಾಕ್ಸ್ ಪೂರ್ತಿ ಲೋಡಿನಲ್ಲಿ ಏರು ಹತ್ತುತ್ತಿದೆ ಅಂದುಕೊಂಡು ಗೇರ್ ಹಿಡಿದುಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ಪೆಡಲ್ ಪರ್ಸೆಂಟ್ ನೋಡುತ್ತಾ ನಿಧಾನ ತುಳಿಯಿರಿ. ಸೊನ್ನೆಯಿಂದ ನೂರರವರೆಗೆ ನೆಗೆಯದೆ ಏರಬೇಕು. ಔಟ್‌ಪುಟ್ ಸ್ಪೀಡ್ ಆಗಾಗ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಸೆನ್ಸರ್ ವೈರನ್ನು ಅಲ್ಲಾಡಿಸಿ ನೋಡಿ.

ಎಂಜಿನ್ ಸೋತರೂ ಇದೇ ಥರ ಕಾಣುತ್ತದೆ. ಡೀಸೆಲ್ ಫಿಲ್ಟರ್ ಕಟ್ಟಿದ, ಟರ್ಬೊ ಪೈಪ್ ಬಿಟ್ಟ ಗಾಡಿ ಆರ್‌ಪಿಎಂ ಏರಿಸಲು ಒದ್ದಾಡುತ್ತದೆ, ಗೇರ್ ಬದಲಾಗುವ ವೇಗ ಮುಟ್ಟುವುದೇ ತಡ. ಬಯ್ಯಿಸಿಕೊಳ್ಳುವುದು ಮಾತ್ರ ಗೇರ್‌ಬಾಕ್ಸ್. ಆಯಿಲ್ 121 ಡಿಗ್ರಿ ದಾಟಿದರೆ ಕೂಡ ಮೇಲಿನ ಗೇರ್‌ಗಳನ್ನು ಬಾಕ್ಸ್ ತಾನೇ ತಡೆಯುತ್ತದೆ. ರೇಡಿಯೇಟರ್ ಮುಂದೆ ಧೂಳು ಗೋಡೆ ಕಟ್ಟಿದೆಯಾ ನೋಡಿ.

ಪ್ರೆಶರ್ ಗೇಜ್ ಹಾಕುವ ಹೊತ್ತು

ಮೇನ್ ಪ್ರೆಶರ್ ಟ್ಯಾಪ್‌ಗೆ ಗೇಜ್ ಹಾಕಿ ಐಡಲ್‌ನಲ್ಲಿ ಮತ್ತು ಮೇಲಿನ ಆರ್‌ಪಿಎಂನಲ್ಲಿ ಅಳೆಯಿರಿ. ಇರಬೇಕಾದ ಅಂಕಿ ಮಾಡೆಲ್‌ಗೊಂದು, ಸರ್ವಿಸ್ ಮ್ಯಾನುಯಲ್ ಪಕ್ಕದಲ್ಲೇ ಇರಲಿ. ಆಯಿಲ್ ಬಿಸಿ ಇರಬೇಕು. ಎಲ್ಲ ಗೇರಿನಲ್ಲೂ ಪ್ರೆಶರ್ ಕಡಿಮೆ ಅಂದರೆ ಪಂಪ್, ರೆಗ್ಯುಲೇಟರ್ ವಾಲ್ವ್, ಫಿಲ್ಟರ್. ಮೇನ್ ಸರಿ ಇದ್ದು ಒಂದು ಕ್ಲಚ್ ಹಿಡಿದಾಗ ಮಾತ್ರ ಬಿದ್ದರೆ ಆ ಕ್ಲಚ್‌ನ ಸೀಲು ಸೋರುತ್ತಿದೆ.

ಸ್ಟಾಲ್ ಟೆಸ್ಟ್ ಬಗ್ಗೆ ಹೇಳದೆ ಬಿಟ್ಟರೆ ಯಾರಾದರೂ ಕೇಳುತ್ತಾರೆ. ಗಾಡಿ ನಿಲ್ಲಿಸಿ, ಬ್ರೇಕ್ ತುಳಿದು, ಡಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ಅಂತ ನೋಡುವುದು. ಮ್ಯಾನುಯಲ್ ಅಂಕಿಗಿಂತ 150 ಆರ್‌ಪಿಎಂ ಮೇಲೆ ಹೋದರೆ ಕ್ಲಚ್ ಜಾರುವ ಅನುಮಾನ, 150 ಕೆಳಗೆ ನಿಂತರೆ ಎಂಜಿನ್ ಸೋತಿದೆ. ಹತ್ತು ಸೆಕೆಂಡ್ ಮೀರಬಾರದು. ಮುಗಿದ ಕೂಡಲೇ ಎನ್‌ಗೆ ತಂದು 1200ರಿಂದ 1500 ಆರ್‌ಪಿಎಂನಲ್ಲಿ ಎರಡು ನಿಮಿಷ ಓಡಿಸಿ ಆಯಿಲ್ ತಣಿಸಬೇಕು. ಗಾಡಿ ಮುಂದೆ ಒಂದು ಆಳೂ ನಿಂತಿರಬಾರದು. ನಿಜ ಹೇಳಬೇಕೆಂದರೆ ಬೇರೆ ಪುರಾವೆ ಸಿಕ್ಕಿದ್ದರೆ ನಾನು ಇದನ್ನು ಮಾಡುವುದೇ ಇಲ್ಲ. ಆಗಲೇ ಜಾರುತ್ತಿರುವ ಕ್ಲಚ್‌ಗೆ ಇದು ಕೊನೆಯ ಏಟು ಆಗಬಹುದು.

ಫಿಲ್ಟರ್ ಬದಲಿಸುವಾಗ ಹಳೆಯದನ್ನು ಕತ್ತರಿಸಿ ನೋಡಿ. ಬೂದಿಯಂಥ ನುಣುಪು ಪುಡಿ ಮಾಮೂಲಿ. ಬೆರಳಿಗೆ ಸಿಗುವ ಲೋಹದ ಚೂರು, ಕಪ್ಪು ಲೈನಿಂಗ್ ತುಣುಕು ಸಿಕ್ಕರೆ ಆಗ ಬಾಕ್ಸ್ ಇಳಿಸುವ ಮಾತಾಡಬಹುದು. ಇಳಿಸಿದರೆ ಕೂಲರ್ ಮತ್ತು ಅದರ ಪೈಪ್‌ಗಳನ್ನು ತೊಳೆಯದೆ ಹೊಸ ಬಾಕ್ಸ್ ಕೂರಿಸಬೇಡಿ.

ಕೆಲಸ ಮುಗಿದ ಮೇಲೆ

ಈ ಬಾಕ್ಸ್ ತನ್ನ ಕ್ಲಚ್‌ಗಳು ಎಷ್ಟು ಬೇಗ ತುಂಬುತ್ತವೆ ಅಂತ ಕಲಿತು ನೆನಪಿಟ್ಟುಕೊಳ್ಳುತ್ತದೆ. ಸೊಲೆನಾಯ್ಡ್, ವಾಲ್ವ್ ಬಾಡಿ, ಕ್ಲಚ್ ಬದಲಿಸಿದ ಮೇಲೆ ಹಳೆಯ ನೆನಪನ್ನು ಸಾಫ್ಟ್‌ವೇರ್‌ನಿಂದ ಅಳಿಸಬೇಕು. ಇಲ್ಲದಿದ್ದರೆ ಹೊಸ ಕ್ಲಚ್‌ಗೆ ಹಳೇ ಲೆಕ್ಕ ಹಾಕಿ ಮತ್ತೆ ತಡ, ಮತ್ತೆ ಜಗ್ಗು. ಅಳಿಸಿದ ಮೇಲೆ ಮೊದಲ ಕೆಲವು ಶಿಫ್ಟ್ ಒರಟಾಗಿರುತ್ತವೆ. ಆಯಿಲ್ ಬಿಸಿ ಮಾಡಿ, ಎನ್‌ನಿಂದ ಡಿ, ಎನ್‌ನಿಂದ ಆರ್ ಐದಾರು ಸಲ ಹಾಕಿ. ಆಮೇಲೆ ಖಾಲಿ ರಸ್ತೆಯಲ್ಲಿ ಹಗುರವಾಗಿ ತುಳಿದು ಮೇಲಿನ ಗೇರ್‌ವರೆಗೆ, ನಿಲ್ಲಿಸಿ, ಮತ್ತೆ. ಇದೂ ಐದಾರು ಸಲ. ಬಳಿಕ ಅರ್ಧ ತುಳಿದು ಅದೇ ರೀತಿ. ಒಂದು ಗಂಟೆ ಬೇಕು. ಆ ಒಂದು ಗಂಟೆ ಕೊಡದೆ ಗಾಡಿ ಒಪ್ಪಿಸಿ, ಸಂಜೆ ಡ್ರೈವರ್ ಫೋನ್ ಬಂದಾಗ ಮತ್ತೆ ಬಾಕ್ಸ್ ಇಳಿಸಲು ಹೊರಟವರನ್ನು ಕಂಡಿದ್ದೇನೆ.

ಮಾರನೇ ಬೆಳಗ್ಗೆ ಗಾಡಿ ತಣ್ಣಗಿರುವಾಗ ಮೊದಲ ಡಿ, ಮೊದಲ ಆರ್ ಮತ್ತೆ ವೀಡಿಯೊ ಮಾಡಿ. ಹಳೆಯ ವೀಡಿಯೊ ಪಕ್ಕದಲ್ಲಿಟ್ಟು ಮಾಲೀಕರಿಗೆ ತೋರಿಸಿ, ಆಮೇಲೆ ಬಿಲ್ ಕೊಡಿ.